ಬೈಂಡಿಂಗ್ ಅಕ್ಕನ ಭಾನುವಾರಗಳು

ಗ್ರಂಥಾಲಯದ ಹಿಂಬದಿ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿದ ಅವರನ್ನು ಎಲ್ಲರೂ ಬೈಂಡಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ನಿವೃತ್ತರಾದ ಮೇಲೂ ಅಂಟಿನ ವಾಸನೆ ಮೂಗಿಗೆ ಬಡಿದರೆ ಅವರಿಗೆ ನೆನಪಾಗುವುದು ಪುಸ್ತಕಗಳಲ್ಲ. ಮಹಡಿಯ ಸಭಾಂಗಣ, ಅಲ್ಲಿನ ಗರಗರ ಎನ್ನುವ ಮೈಕು, ಜೀವ ಬಾಯಿಗೆ ಬಂದಂತಾದ ಒಂದು ಭಾನುವಾರ ಬೆಳಗ್ಗೆ.

ಅಕ್ಕನಿಗೆ ಚಿಕ್ಕಂದಿನಿಂದ ಮಾತು ತೊದಲುತ್ತಿತ್ತು. ಎಲ್ಲ ಅಕ್ಷರಕ್ಕೂ ಅಲ್ಲ, ‘ಕ’ ಒಂದಕ್ಕೆ. ‘ಕ’ ಎದುರಾದರೆ ಸಾಕು, ನಾಲಿಗೆ ಹಟ ಹಿಡಿದ ಎತ್ತಿನಂತೆ ನಿಂತುಬಿಡುತ್ತಿತ್ತು. ಹಾಗಾಗಿ ಅದನ್ನು ಸುತ್ತಿಕೊಂಡು ಹೋಗುವುದನ್ನು ಅವರು ಕಲಿತಿದ್ದರು. ಕತ್ತರಿ ಬೇಕಾದರೆ “ಆ ಹರಿತದ್ದು ಎಲ್ಲಿ?” ಎನ್ನುವರು. ಕಾಫಿ ಎಂದರೆ ಪ್ರಾಣ, ಆದರೆ ಹೋಟೆಲಿನಲ್ಲಿ ಟೀ ಹೇಳುವರು. ಮನೆಯಲ್ಲಿ ಆ ಕಷ್ಟವೂ ಇರಲಿಲ್ಲ. ಸೊಸೆ ಬಾಯಿ ತೆರೆದರೆ ಮಾತು ಮುಗಿಸಲು ಅತ್ತೆ ಸಿದ್ಧ.

“ಕಿ... ಕಿ...”

“ಕಿಟಕಿ ಮುಚ್ಚಬೇಕು, ಅಷ್ಟೇ ತಾನೆ? ಮುಚ್ಚು ಹೋಗು.”

ಕೆಟ್ಟ ಮನಸ್ಸೇನಲ್ಲ. ತಾಳ್ಮೆ ಇರಲಿಲ್ಲ, ಅಷ್ಟೇ.

ಗ್ರಂಥಪಾಲಕರು ಮಹಾ ಮಾತುಗಾರರು. ತಿಂಗಳಿಗೊಂದು ಭಾನುವಾರ ಚಿತ್ರ ಬರೆಯುವವರನ್ನೋ ಗೊಂಬೆ ಮಾಡುವವರನ್ನೋ ಕರೆಸಿ ಜನರೆದುರು ಸಂವಾದ ನಡೆಸುತ್ತಿದ್ದರು. ಹೆಸರಿಗೆ ಮಾತ್ರ ಸಂವಾದ. ಪ್ರಶ್ನೆ ಅವರದೇ, ಉತ್ತರವೂ ಅವರದೇ. ಅತಿಥಿ ಎರಡು ಸಲ ತಲೆಯಾಡಿಸುವಷ್ಟರಲ್ಲಿ ವಂದನಾರ್ಪಣೆ ಮುಗಿದಿರುತ್ತಿತ್ತು.

ಆ ಭಾನುವಾರ ಬಂದಿದ್ದವರು, ಬಟ್ಟೆಯ ಮೇಲೆ ಒತ್ತುವ ಮರದ ಅಚ್ಚುಗಳನ್ನು ಕೆತ್ತುವ ಒಬ್ಬ ಮುದುಕರು. ಮೂವತ್ತು ಜನ ಕೂತಿದ್ದರು. ಗ್ರಂಥಪಾಲಕರಿಗೋ ಗಂಟಲು ಕಟ್ಟಿ ಸ್ವರವೇ ಇಲ್ಲ. ಅವರು ಕುರ್ಚಿ ಹಾಕಲು ಬಂದಿದ್ದ ಅಕ್ಕನ ಕೈಗೆ ಚೀಟಿಯೊಂದನ್ನು ತುರುಕಿದರು: ‘ಇವತ್ತು ನೀವೇ ನಡೆಸಿ. ಪ್ರಶ್ನೆಗಳು ಹಿಂಬದಿಯಲ್ಲಿವೆ.’

“ನನ್ನಿಂದ ಆಗಲ್ಲ ಸಾರ್,” ಎಂದರು ಅಕ್ಕ.

ಗ್ರಂಥಪಾಲಕರು ಕೈಮುಗಿದರು. ವೇದಿಕೆಯ ಮೇಲೆ ಮುದುಕರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರ ಬಾಗಿಲಲ್ಲಿ ಕಾಯುವವರಂತೆ ಒಬ್ಬರೇ ಕೂತಿದ್ದರು. ಅದನ್ನು ನೋಡಲಾಗದೆ ಅಕ್ಕ ಮೆಟ್ಟಿಲು ಹತ್ತಿದರು.

ಚೀಟಿ ತಿರುಗಿಸಿದರೆ, ‘ಕಲೆ ಎಂದರೇನು? ಕಲ್ಪನೆ ಎಲ್ಲಿಂದ ಬರುತ್ತದೆ? ಕುಶಲತೆಗೂ ಕಲೆಗೂ ಏನು ವ್ಯತ್ಯಾಸ?’ ಎಲ್ಲವೂ ‘ಕ’! ಅಕ್ಕ ಚೀಟಿಯನ್ನು ಮಡಿಚಿ ಸೆರಗಿಗೆ ಸಿಕ್ಕಿಸಿದರು. ಮುದುಕರು ಚೀಲದಿಂದ ತೆಗೆದು ಹಿಡಿದಿದ್ದ ಅಚ್ಚನ್ನೇ ನೋಡುತ್ತ, ತೋಚಿದ್ದನ್ನು ಹೇಳಿಬಿಟ್ಟರು.

“ಇದನ್ನ ಮಾಡುವಾಗ ಎಷ್ಟು ಸಲ ತಪ್ಪಾಯ್ತು?”

ಮುದುಕರು ಅಚ್ಚನ್ನು ಆಚೆ ಈಚೆ ತಿರುಗಿಸಿದರು. ಸಭೆಯಲ್ಲಿ ಯಾರೋ ಕೆಮ್ಮಿದರು. ಅಕ್ಕ ಸುಮ್ಮನೆ ಕಾದರು. ಮಾತು ಹೊರಬರಲು ಹೊತ್ತು ಬೇಕೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

“ಇದನ್ನ ಯಾರೂ ಕೇಳಿರ್ಲಿಲ್ಲ ತಾಯಿ,” ಎಂದರು ಮುದುಕರು ಕೊನೆಗೆ. “ಈ ಬಳ್ಳಿ ನೇರಕ್ಕೆ ಹೋಗ್ಬೇಕಿತ್ತು. ಹೆಂಡ್ತಿ ಆಸ್ಪತ್ರೇಲಿದ್ಲು, ನನ್ನ ಗಮನ ಅಲ್ಲಿತ್ತು. ಉಳಿ ಜಾರ್ತು. ಎಸೆಯೋಕೆ ಮನಸ್ಸು ಬರ್ಲಿಲ್ಲ. ಜಾರಿದ ಕಡೆಗೇ ಬಳ್ಳೀನ ತಿರುಗಿಸ್ದೆ. ಈಗ ಬಂದವರೆಲ್ಲ ಆ ತಿರುವಿನ ಅಚ್ಚೇ ಬೇಕು ಅಂತಾರೆ.”

“ಮನೆಯವರು ಅದನ್ನ ನೋಡಿದ್ರಾ?”

“ವಾಸಿಯಾಗಿ ಮನೆಗೆ ಬಂದು ನೋಡಿದ್ಲು. ‘ಇದೇನ್ರೀ, ಸೊಟ್ಟಗಿದೆ’ ಅಂದ್ಲು!”

ಸಭೆ ಗೊಳ್ಳೆಂದು ನಕ್ಕಿತು. ಆ ನಗುವಿನ ಧೈರ್ಯದಲ್ಲಿ ಅಕ್ಕ ಮೈಮರೆತು ‘ಕ’ದ ಬಾಯಿಗೇ ಬಿದ್ದರು. “ಕೆ... ಕೆ... ಕೆ...” ಮೈಕು ಅದನ್ನು ಇಡೀ ಸಭಾಂಗಣಕ್ಕೆ ಕೇಳಿಸಿತು. ಮುದುಕರು ಹೆಬ್ಬೆರಳಿನಿಂದ ಅಚ್ಚು ಸವರುತ್ತ ಕಾದರು. “ಕೆತ್ತೋದೇ ಬೇಡ ಅನ್ನಿಸಿತ್ತಾ ಯಾವತ್ತಾದ್ರೂ?” ಎಂದು ಅಕ್ಕ ಮುಗಿಸಿದರು. ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನವರು ಉತ್ತರಕ್ಕಾಗಿ ಮುಂದಕ್ಕೆ ಬಾಗಿದರು.

ಮರುದಿನ ಸ್ವರ ಮರಳಿದ ಗ್ರಂಥಪಾಲಕರು ಬೈಂಡಿಂಗ್ ಕೋಣೆಗೆ ಬಂದು, “ನಾನು ಹತ್ತು ವರ್ಷದಿಂದ ಅತಿಥಿಗಳ ಬಾಯಿ ಕಟ್ಟಿದ್ದೆ ಕಣಮ್ಮ. ಇನ್ನು ಮೇಲೆ ನೀವೇ,” ಎಂದರು. ಅವರದು ದೊಡ್ಡ ಮನಸ್ಸು.

ಹಾಗೆ ಒಂಬತ್ತು ವರ್ಷ ನಡೆಯಿತು. ಅಂಗಡಿಗಳ ಬೋರ್ಡು ಬರೆಯುವವರು ಬಂದರು, ಮಗ್ಗಿಯನ್ನು ಹಾಡು ಮಾಡಿ ಕಲಿಸುತ್ತಿದ್ದ ಮೇಷ್ಟ್ರು ಬಂದರು. ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಅಕ್ಕನ ಗಂಡ ಪ್ರತಿ ಸಲವೂ ಕೊನೆಯ ಸಾಲಿನಲ್ಲಿ ಕೂತು, ಹಿಂದಿರುಗುವ ದಾರಿಯುದ್ದಕ್ಕೂ “ಅದನ್ನ ಯಾಕೆ ಕೇಳ್ಲಿಲ್ಲ?” ಎಂದು ಪೀಡಿಸುವರು.

ಆರನೆಯ ವರ್ಷ ಅಕ್ಕ ಅತ್ತೆಯನ್ನೇ ಕರೆದರು. ಹಳೆಯ ಸ್ವೆಟರುಗಳನ್ನು ಬಿಚ್ಚಿ, ಯಾವ ನಮೂನೆಯನ್ನೂ ನೋಡದೆ ಹೊಸದನ್ನು ಹೆಣೆಯುವುದರಲ್ಲಿ ಅತ್ತೆ ಎತ್ತಿದ ಕೈ. “ನಾನಾ? ನನಗೇನು ಭಯ? ನಿನ್ನ ಪಾಲಿನದೂ ನಾನೇ ಮಾತಾಡ್ತೀನಿ,” ಎನ್ನುತ್ತ ಹೊರಟರು. ವೇದಿಕೆಯಲ್ಲಿ ಅರಳು ಹುರಿದಂತೆ ಮಾತಾಡಿದರು. ಅಕ್ಕ ಒಂದು ಪುಟ್ಟ ಸ್ವೆಟರಿನ ನೀಲಿ ಪಟ್ಟಿಯನ್ನು ಮುಟ್ಟಿ, “ಈ ನೂಲು ಮುಂಚೆ ಯಾರದಾಗಿತ್ತು?” ಎಂದರು.

“ಅದು...” ಎಂದರು ಅತ್ತೆ. “ಅದು...” ಅಲ್ಲಿಗೆ ನಿಂತಿತು.

ಉತ್ತರ ಅಕ್ಕನಿಗೆ ಗೊತ್ತಿತ್ತು. ‘ಮಾವನದು’ ಎನ್ನಲು ನಾಲಿಗೆಗೂ ಯಾವ ತೊಡಕೂ ಇರಲಿಲ್ಲ. ಹೇಳಲಿಲ್ಲ. ಕಾದರು.

“ಅವರದು,” ಎಂದರು ಅತ್ತೆ ಸಣ್ಣ ದನಿಯಲ್ಲಿ. “ಅವರು ಹೋದಮೇಲೆ ಹತ್ತು ವರ್ಷ ಬಿಚ್ಚೋಕೆ ಧೈರ್ಯ ಬರ್ಲಿಲ್ಲ. ಮೊಮ್ಮಗಳು ಚಳಿ ಅಂದ್ಲು, ಬಿಚ್ಚಿದೆ. ನೂಲು ಇನ್ನೂ ಗಟ್ಟಿಯಾಗಿತ್ತು.”

ಮನೆಗೆ ಹೋಗುವಾಗ ಅತ್ತೆ ಬಸ್ಸಿನಲ್ಲಿ ಸೊಸೆಯ ಕೈ ಹಿಡಿದೇ ಕೂತಿದ್ದರು. ಮುಂದೆಯೂ ಮಾತು ಮುಗಿಸಿಕೊಡುವ ಚಾಳಿ ಬಿಡಲಿಲ್ಲ, ಆದರೆ ಅದಕ್ಕೆ ಮುಂಚೆ ಒಮ್ಮೆ ಮುಖ ನೋಡುವರು.

ಗ್ರಂಥಪಾಲಕರಿಗೆ ವರ್ಗವಾಯಿತು, ಸಭಾಂಗಣಕ್ಕೆ ಕಂಪ್ಯೂಟರುಗಳು ಬಂದವು, ಸಂವಾದ ನಿಂತಿತು. ಯಾರ ಮೇಲೂ ಅಕ್ಕನಿಗೆ ಸಿಟ್ಟಿಲ್ಲ. ಆದರೂ ತಿಂಗಳ ಕೊನೆಯ ಭಾನುವಾರ, ಸಂವಾದ ಶುರುವಾಗುತ್ತಿದ್ದ ಹತ್ತೂವರೆಯ ಹೊತ್ತಿಗೆ ಕಾಲು ನಿಲ್ಲುವುದಿಲ್ಲ, ಸುಮ್ಮನೆ ಹೊರಗೆ ಹೋಗಿಬರುತ್ತಾರೆ.

ಹೋದ ತಿಂಗಳು ಹಾಗೇ ಬಸ್ಸಿಗೆ ಕಾಯುತ್ತಿದ್ದಾಗ ಗುರುತಿಲ್ಲದ ಹೆಂಗಸೊಬ್ಬಳು ಹತ್ತಿರ ಬಂದಳು. “ನೀವು ಲೈಬ್ರರಿ ಅಕ್ಕ ಅಲ್ವಾ? ನಿಮ್ಮ ಸಂವಾದ ಕೇಳೋಕೆ ಬರ್ತಿದ್ದೆ. ಮಣ್ಣಿನ ಕೆಲಸ ಕಲೀತಿದ್ದೀನಿ, ಇದು ಮೊದಲನೇದು,” ಎಂದು ಚೀಲದಿಂದ ವಾಲಿದ ಲೋಟವೊಂದನ್ನು ತೆಗೆದಳು. ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು, “ಹೇಳಮ್ಮ,” ಎಂದರು. ಅವಳು ಹೇಳುತ್ತಲೇ ಇದ್ದಳು. ಬಸ್ಸು ಬಂದು, ನಿಂತು, ಹೋಯಿತು, ಇಬ್ಬರೂ ಹತ್ತಲಿಲ್ಲ.