ಗುಸುಗುಸು ಮಿಸ್

ನನ್ನ ಮಗಳ ಶಾಲೆಯಲ್ಲಿ ಒಬ್ಬರು ಮಿಸ್ ಇದ್ದಾರೆ. ಅವರಿಗೆ ಸ್ವಂತ ತರಗತಿ ಇಲ್ಲ. ಬೇರೆಯವರು ಪಾಠ ಮಾಡುವಾಗ ಮುಂದಿನ ಬೆಂಚಿನ ತುದಿಯಲ್ಲಿ ಮಕ್ಕಳ ಕಡೆ ತಿರುಗಿ ಕೂತು ಅವರ ಬಾಯನ್ನೇ ನೋಡುತ್ತಾರೆ. ಆಮೇಲೆ ಯಾರನ್ನೋ ಒಬ್ಬರನ್ನು ಬೆರಳಿನಲ್ಲೇ ಕರೆದು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಗೆ ಕರೆದೊಯ್ಯುತ್ತಾರೆ. ಮಾತೆಲ್ಲ ಪಿಸುದನಿಯಲ್ಲೇ. ಹಾಗಾಗಿ ಮಕ್ಕಳು ಇಟ್ಟ ಹೆಸರು ಗುಸುಗುಸು ಮಿಸ್.

ಈ ವರ್ಷ ಪುಸ್ತಕದ ರಟ್ಟು ಇನ್ನೂ ಮಾಸಿರಲಿಲ್ಲ, ಅವರು ನನ್ನ ಮಗಳನ್ನು ಕರೆದರು.

ನನ್ನ ಮಗಳನ್ನು! ಎರಡನೇ ತರಗತಿಯ ಈ ಹುಡುಗಿ ಕಣ್ಣು ಬಿಟ್ಟಾಗಿನಿಂದ ಬಾಯಿ ಮುಚ್ಚುವುದಿಲ್ಲ. ಅವಳಪ್ಪ ಕರೆಯುವುದೇ ಪಿಟೀಲು ಎಂದು. ಪಾಠದ ಪುಸ್ತಕ ಕೊಟ್ಟರೆ ನೀರು ಕುಡಿದ ಹಾಗೆ ಓದುತ್ತಾಳೆ.

"ಆ ಕೋಣೇಲಿ ಏನ್ ಮಾಡಿಸ್ತಾರೆ ಪುಟ್ಟಾ?" ಎಂದೆ.

"ಓದು ಅಂತಾರೆ. ಆಮೇಲೆ ಸುಮ್ನೆ ಇರ್ತಾರೆ. ನಾನೂ ಸುಮ್ನೆ ಇರ್ತೀನಿ."

"ನೀನು ಸುಮ್ನೆ ಇರ್ತೀಯಾ?" ಅವಳಪ್ಪ ಬಿದ್ದು ಬಿದ್ದು ನಕ್ಕರು. "ಹಾಗಿದ್ರೆ ಆ ಮಿಸ್‌ನ ನಮ್ಮನೆಗೂ ಒಂದ್ಸಲ ಕರ್ಕೊಂಡ್ ಬಾರೇ."

ನನಗೆ ನಗು ಬರಲಿಲ್ಲ. ಬೀದಿ ತಿರುವಿನ ಟೈಲರಮ್ಮ ಆಗಲೇ ನನ್ನ ತಲೆಗೆ ಹುಳ ಬಿಟ್ಟಿದ್ದರು. ಮಿಸ್ ಇರುವುದು ಅವರ ಅಂಗಡಿಯ ಮೇಲಿನ ಕೋಣೆಯಲ್ಲೇ, ಒಬ್ಬರೇ.

"ಹೋದ್ ವರ್ಷ ನನ್ನ ತಂಗಿ ಮಗನ್ನೂ ಹೀಗೇ ಕರೀತಿದ್ಲು ಕಣ್ರೀ. ಪರೀಕ್ಷೆ ಮುಗೀತಿದ್ದ ಹಾಗೆ ಟೀಸಿ ಕೈಗಿಟ್ಟು ಕಳಿಸಿದ್ರು. ದಡ್ಡ ಮಕ್ಕಳನ್ನ ಆರಿಸಿ ಹೆಡ್‌ಮಿಸ್ ಕಿವಿಗೆ ಹಾಕೋದೇ ಇವಳ ಕೆಲ್ಸ. ಇಲ್ದಿದ್ರೆ ಗಂಟಲು ಹೋದೋಳನ್ನ ಶಾಲೇಲಿ ಯಾಕೆ ಇಟ್ಕೊಳ್ತಾರೆ ಹೇಳಿ?"

ಗಂಟಲ ವಿಷಯ ನನಗೆ ತಿಳಿದದ್ದು ಆವತ್ತೇ. ಮೊದಲು ಅವರು ಒಂದನೇ ತರಗತಿಯ ಟೀಚರ್ ಆಗಿದ್ದರಂತೆ. ದನಿ ಆಟದ ಮೈದಾನದ ಆಚೆಗೂ ಕೇಳುತ್ತಿತ್ತಂತೆ. ಗಂಟಲಲ್ಲಿ ಗಂಟು ಎದ್ದು, ಆಪರೇಷನ್ ಆಗಿ, ಜೀವ ಉಳಿಯಿತು, ದನಿ ಹೋಯಿತು. ಈಗ ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸಿ ಕೊಳ್ಳುತ್ತಾರೆ. ಅಂಗಡಿಯವನು ಇವರಿಗೆ ಕಿವಿಯೇ ಕೇಳಿಸದು ಅಂದುಕೊಂಡು ಬೀದಿಗೆಲ್ಲ ಕೇಳುವಂತೆ ಕಿರುಚುತ್ತಾನೆ. ಅವರು ತಿದ್ದಲು ಹೋಗುವುದಿಲ್ಲ.

ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದ ಮಾತ್ರಕ್ಕೆ ಮಗಳನ್ನು ಒಪ್ಪಿಸಿಬಿಡಲಾಗುತ್ತದೆಯೇ? ಒಂದು ದಿನ ಶಾಲೆಗೆ ಹೋದಾಗ ಅವರು ಹೆಡ್‌ಮಿಸ್ ಕೋಣೆಯಿಂದ ಹೊರಬರುವುದನ್ನು ನಾನೇ ಕಂಡೆ. ನನ್ನನ್ನು ನೋಡಿ ನಕ್ಕರು. ಆ ನಗೆಯಲ್ಲೂ ನನಗೆ ಟೀಸಿಯೇ ಕಂಡಿತು. ಗೆಳತಿಯರನ್ನೆಲ್ಲ ಬಿಟ್ಟು ಮಗಳು ಇನ್ನೊಂದು ಶಾಲೆಯ ಗೇಟಿನಲ್ಲಿ ಪೆಚ್ಚಾಗಿ ನಿಂತ ಚಿತ್ರ ಕಣ್ಣಿಗೆ ಕಟ್ಟಿತು. ನೆಟ್ಟಗೆ ಆ ಸಣ್ಣ ಕೋಣೆಗೇ ನುಗ್ಗಿದೆ.

"ನನ್ನ ಮಗಳು ಚೆನ್ನಾಗೇ ಓದ್ತಾಳಲ್ಲ ಮಿಸ್, ಅವಳನ್ಯಾಕೆ ಇಲ್ಲಿ ತಂದು ಕೂರಿಸ್ತೀರಿ?"

ಅವರ ಮಾತು ಕೇಳಬೇಕಾದರೆ ಬಾಗಲೇಬೇಕು. ಜಗಳಕ್ಕೆ ಹೋದವಳು ಬಾಗಿ ನಿಂತೆ.

"ಅವಳು ಓದಲ್ಲ. ಹೇಳ್ತಾಳೆ."

"ಎರಡೂ ಒಂದೇ ತಾನೆ?"

"ಮೊದ್ಲು ನಾನೂ ಹಾಗೇ ಅಂದ್ಕೊಂಡಿದ್ದೆ. ನಾನು ಗಟ್ಟಿಯಾಗಿ ಹೇಳ್ತಿದ್ದೆ, ಮಕ್ಕಳೆಲ್ಲ ಒಟ್ಟಿಗೆ ಕೂಗ್ತಿದ್ರು. ಗಂಟಲು ಹೋದ್ಮೇಲೆ ಒಂದಿನ ಪುಸ್ತಕ ತೆಗೆಸಿ ಸುಮ್ನೆ ನಿಂತೆ. ಅರ್ಧ ತರಗತಿ ಪುಸ್ತಕ ನೋಡ್ಲಿಲ್ಲ, ನನ್ನ ಬಾಯಿ ನೋಡ್ತಾ ಇತ್ತು." ಉಸಿರು ತೆಗೆದುಕೊಂಡರು. "ಮನೇಲಿ ಕೊನೇ ಪದದಿಂದ ಹಿಂದಕ್ಕೆ ಓದ್ಸಿ ನೋಡಿ."

ಅವರ ಮಾತು ಸುಳ್ಳು ಎಂದು ತೋರಿಸಲೆಂದೇ ಓದಿಸಿದೆ. 'ಕಪ್ಪೆ ಕಲ್ಲಿನ ಮೇಲಿಂದ ನೀರಿಗೆ ಧುಮುಕಿತು.' ಮೊದಲಿನಿಂದ ಓದಿಸಿದಾಗ ಎಂದಿನಂತೆ ಸರಾಗ. ಕೊನೆಯ ಪದದ ಮೇಲೆ ಬೆರಳಿಟ್ಟೆ. ಮಗಳು ಚಿತ್ರ ನೋಡಿದಳು, ನನ್ನ ಮುಖ ನೋಡಿದಳು. ತುಟಿ ಸದ್ದಿಲ್ಲದೆ ಅಲುಗಿತು: ಕಪ್ಪೆ, ಕಲ್ಲಿನ, ಮೇಲಿಂದ... "ಧುಮುಕಿತು!" ಎಂದಳು, ಗೆದ್ದವಳ ಹಾಗೆ. ಬೆರಳನ್ನು ಹಿಂದಕ್ಕೆ ಸರಿಸಿ 'ಕಲ್ಲಿನ' ತೋರಿಸಿದೆ.

"ಅದು ಆವಾಗ್ಲೇ ಆಯ್ತಲ್ಲ ಅಮ್ಮ. ನೀನು ತಪ್ಪು ತೋರಿಸ್ತಿದ್ದೀಯ."

"ತಪ್ಪಲ್ಲ ಕಂದ, ಏನಿದೆ ಓದು."

ಅವಳು ಅಳಲು ಶುರುಮಾಡಿದಳು. ತಬ್ಬಿಕೊಂಡು ಕೂತೆ.

ಮರುದಿನ ಹೋಗಿ ಟೈಲರಮ್ಮ ಹೇಳಿದ ಟೀಸಿ ಮಾತನ್ನು ನೇರವಾಗಿಯೇ ಕೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ.

"ಟೈಲರಮ್ಮನ ತಂಗೀಗೆ ಶಾಲೆ ಶುರುವಾದಾಗ್ಲೇ ಹೇಳಿ ಕಳಿಸಿದ್ದೆ. ನನ್ನ ಮಗ ದಡ್ಡನಾ ಅಂತ ಜಗಳ ಆಡಿ, ಹುಡುಗನ್ನ ಈ ಕೋಣೆಗೆ ಕಳಿಸೋದೇ ನಿಲ್ಲಿಸಿದ್ರು. ತಿರುಗಿ ಬಂದಿದ್ದು ಪರೀಕ್ಷೆ ಆದ್ಮೇಲೆ, ಅಷ್ಟರಲ್ಲಿ ಹೆಡ್‌ಮಿಸ್ ಟೀಸಿ ಬರೆದಾಗಿತ್ತು."

"ನನ್ನ ಮಗಳ ಹೆಸರೂ ಹೆಡ್‌ಮಿಸ್‌ಗೆ ಹೇಳಿದ್ದೀರಾ?"

"ಹೇಳಿದ್ದೀನಿ. ಹೇಳ್ದೆ ಕೋಣೆ ಕೊಡಲ್ಲ."

"ಕೊನೇಲಿ ಅವಳನ್ನ ಕಳಿಸಿಬಿಟ್ರೆ?"

"ಅದು ನನ್ನ ಕೈಲಿಲ್ಲ. ಓದಿಸೋದು ನನ್ನ ಕೈಲಿದೆ."

ಸುಳ್ಳು ಭರವಸೆ ಕೊಟ್ಟಿದ್ದರೆ ಅನುಮಾನಪಡುವುದಾದರೂ ಸುಲಭವಾಗುತ್ತಿತ್ತು. "ಹಾಗಾದ್ರೆ ನಾನೂ ಇಲ್ಲೇ ಕೂತಿರ್ತೀನಿ" ಎಂದೆ. ಅವರು ಎದ್ದು ತಮ್ಮ ಸ್ಟೂಲನ್ನೇ ನನಗೆ ಕೊಟ್ಟು, ಗೋಡೆಗೆ ಒರಗಿ ನಿಂತರು.

ಮಗಳನ್ನು ಕರೆತಂದರು, ಪಾಠ ಶುರುವಾಯಿತು. ಅವಳು ಪುಸ್ತಕ ತೆರೆದವಳೇ ನನ್ನ ಕಡೆ ನೋಡಿ ಗಡಗಡನೆ ಒಪ್ಪಿಸತೊಡಗಿದಳು. ಮಿಸ್ ಸುಮ್ಮನಿದ್ದರು. ಅರ್ಧಕ್ಕೆ ಅವಳೇ ನಿಲ್ಲಿಸಿದಳು.

"ಅಮ್ಮ, ನೀನು ಆಚೆ ಇರು. ನೀನಿದ್ರೆ ನಂಗೆ ಬೇಗ ಬೇಗ ಹೇಳ್ಬೇಕು ಅನ್ಸತ್ತೆ."

ಮಿಸ್ ನನ್ನತ್ತ ನೋಡಲಿಲ್ಲ. ನಾನು ಎದ್ದು ಹೊರಗೆ ಬಂದೆ. ಒಳಗೆ ಎಷ್ಟು ಹೊತ್ತಾದರೂ ಸದ್ದಿಲ್ಲ. ಆಮೇಲೆ ಒಂದೊಂದೇ ಅಕ್ಷರ ಎಳೆಯುತ್ತಾ, ತಡವರಿಸುತ್ತಾ, ನಾನು ಎಂದೂ ಕೇಳಿರದ ಸಣ್ಣ ದನಿ. ಏನು ಓದಿದಳೋ ತಿಳಿಯಲಿಲ್ಲ. ಬಾಗಿಲು ಎಳೆದುಕೊಂಡೆ, ಪೂರ್ತಿ ಮುಚ್ಚಲಿಲ್ಲ.