ಮಗ್ಗದ ಗುಂಡಿ ತೋಡಿದ ವಾರ

ಸೇಲಂ ಬಿಟ್ಟು ಪಾಪಿರೆಡ್ಡಿಪಟ್ಟಿ ಹತ್ತಿರದ ನನ್ನ ತವರು ಹಳ್ಳಿಗೆ ಬರುವಾಗ, ಇನ್ನು ಆರಾಮಾಗಿ ಇರುತ್ತೇವೆ ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆವು. ಆರಾಮು ಅಂದರೆ ಏನು ಅಂತ ನವರಾತ್ರಿಯ ವಾರ ಗೊತ್ತಾಯಿತು. ಹೊಲದಲ್ಲಿ ಕಡಲೆಕಾಯಿ ಕೀಳಬೇಕು. ಸಂಜೆಯಾದರೆ ಮಳೆ. ಕಿತ್ತ ಕಾಯಿ ಒಣಗಿಸಲು ಬಿಸಿಲಿಲ್ಲ. ಅಡುಗೆಮನೆಯ ಹೆಂಚಿನ ಸಂದಿಯಿಂದ ನೀರು ಸರಿಯಾಗಿ ಒಲೆಯ ಮೇಲೇ ತೊಟ್ಟಿಕ್ಕುತ್ತದೆ. ಇಷ್ಟು ಸಾಲದು ಅಂತ ನಮ್ಮ ಯಜಮಾನರು ಪಡಸಾಲೆಯ ನೆಲ ಅಗೆಸಲು ಹೊರಟರು.

ಮಗ್ಗಕ್ಕಂತೆ.

ನಮ್ಮದು ನೇಯ್ಗೆಯವರ ಮನೆತನ. ಅವರು ಆಯುಷ್ಯವೆಲ್ಲ ಗುಂಡಿ ಮಗ್ಗದಲ್ಲಿ ಕೂತು ಪಂಚೆ ನೇಯ್ದವರು. ನಾನು ಆಯುಷ್ಯವೆಲ್ಲ ಪಕ್ಕದಲ್ಲಿ ರಾಟೆ ತಿರುಗಿಸಿ, ಅವರ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿದವಳು. ಗುಂಡಿ ಮಗ್ಗದಲ್ಲಿ ನೇಯುವವರು ನೆಲದ ಮೇಲೆ ಕೂತು, ಮುಂದಿನ ಗುಂಡಿಗೆ ಕಾಲು ಇಳಿಬಿಟ್ಟು, ತಳದಲ್ಲಿರುವ ತುಳಿಮಣೆ ಒತ್ತುತ್ತಾ ಇರಬೇಕು. ಹಾಗೆ ಕೂತೂ ಕೂತೂ ಅವರ ಬೆನ್ನು ಹೋಯಿತು. ಇನ್ನೊಂದು ಸಲ ಗುಂಡಿಗೆ ಕಾಲಿಟ್ಟರೆ ಆಮೇಲೆ ಎತ್ತಿ ಮಲಗಿಸಬೇಕಾಗುತ್ತದೆ ಅಂತ ಡಾಕ್ಟರು ನನ್ನೆದುರಿಗೇ ಹೇಳಿದರು. ಇವರೂ ಒಳ್ಳೆ ಮಗುವಿನಂತೆ ತಲೆಯಾಡಿಸಿದರು. ಅರ್ಧ ನೇಯ್ದ ಪಂಚೆಯ ಸಮೇತ ಮಗ್ಗವನ್ನು ಸೇಲಂನ ಮನೆಯಲ್ಲಿ ಬಿಟ್ಟು, ಬೀಗ ಹಾಕಿ ಬಂದದ್ದು ಅದಕ್ಕೇ.

ನಾನು ಮಗ್ಗದಲ್ಲಿ ಕೂತದ್ದು ಒಂದೇ ಸಲ. ಮದುವೆಯಾದ ಹೊಸತು, ಅವರು ಊಟಕ್ಕೆ ಎದ್ದಿದ್ದರು. ನಾಲ್ಕು ಬೆರಳಿನಷ್ಟು ನೇಯುವಷ್ಟರಲ್ಲಿ ಮಾವನವರು ಬಂದರು. "ಇರಾದು ಒಂದು ಮಗ್ಗ. ಅದ್ಕೆ ಇಬ್ರು ಯಾಕೆ? ಏಳಮ್ಮ" ಅಂದರು. ಎದ್ದೆ. ಆಮೇಲೆ ಕೂರಲಿಲ್ಲ. ಆಸೆ ಇದೆಯಾ ಅಂತ ಯಾರಾದರೂ ಕೇಳಿದ್ದರೆ ಇದೆ ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

ಜಗಳ ಶುರುವಾದದ್ದು ವಾರದ ಮೊದಲಲ್ಲೇ. ನಾನು ಮನೆ ಮುಂದಿನ ತಿಣ್ಣೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಗಿಡದಿಂದ ಕಡಲೆಕಾಯಿ ಬಿಡಿಸುತ್ತಿದ್ದೆ. ಇವರು ಒಂದು ಜೋಳದ ದಂಟು ಹಿಡಿದುಕೊಂಡು ಬಂದರು. ಬೆನ್ನು ಹಿಡಿದುಕೊಂಡು ನನ್ನ ಕಾಲ ಹತ್ತಿರ ಬಗ್ಗಿ, ಏನೋ ನೋಡಿ, ದಂಟನ್ನು ಲಟಕ್ಕನೆ ಮುರಿದರು.

"ಏನದು?" ಅಂದೆ.

"ಕೋಳಿ ಓಡ್ಸಕ್ಕೆ" ಅಂದರು.

ನಮ್ಮ ಮನೆಯಲ್ಲಿ ಕೋಳಿ ಇಲ್ಲ. ಪಕ್ಕದ ಮನೆಯ ನಮ್ಮ ಅತ್ತಿಗೆಯ ಕೋಳಿಗಳು ಆಗಾಗ ಬರುತ್ತವೆ, ಅದಕ್ಕಿರಬಹುದು ಅಂತ ಸುಮ್ಮನಾದೆ. ಮಧ್ಯಾಹ್ನ ನೋಡಿದರೆ ಪಡಸಾಲೆಯಲ್ಲಿ ಒಬ್ಬ ಆಳು ಗುದ್ದಲಿ ಹಿಡಿದು ನಿಂತಿದ್ದಾನೆ.

"ಏನ್ ಮಾಡಿಸ್ತಾ ಇದೀರ?"

"ಗುಂಡಿ. ಮಗ್ಗ ತರ್ತೀನಿ. ಮಗ್ಗ ಇಲ್ದೆ ಆಯುಧಪೂಜೆ ಯಾತಕ್ಕೆ ಮಾಡಾದು? ಗ್ಯಾಸ್ ಸ್ಟೌಗಾ?"

"ಡಾಕ್ಟರ್ ಏಳಿದ್ದು ಗ್ಯಾಪ್ಕ ಐತಾ?"

"ಐತೆ."

"ಐತೆ ಅಂದ್ರೆ?"

"ಸುಮ್ಕಿರು ಲೇ. ಮಳೆ ಬರ್ತೈತೆ, ಕಾಯಿ ಒಳಕ್ಕೆ ಎತ್ತು."

ಆ ವಾರವೆಲ್ಲ ನಾನು ಕೂಗಾಡಿದ್ದಕ್ಕೆ ಅವರ ಬಾಯಿಂದ ಬಂದ ಉತ್ತರ ಅದೊಂದೇ, ಸುಮ್ಕಿರು. ಮೈಯೆಲ್ಲ ಉರಿದುಹೋಯಿತು. ಹರೂರಿನಲ್ಲಿರುವ ಮಗಳಿಗೆ ಫೋನ್ ಮಾಡಿ ದೂರು ಹೇಳಿದೆ. ಅವಳು ನಮ್ಮ ಜೊತೆಗೂ ತಮಿಳೇ ಆಡುವವಳು. "ಅಪ್ಪಾವುಕ್ಕು ಬೋರ್ ಅಡಿಕ್ಕುದುಮ್ಮಾ, ವಿಡು" ಅಂದಳು. ಅಪ್ಪನಿಗೆ ಬೇಜಾರಂತೆ, ನಾನು ಬಿಟ್ಟುಬಿಡಬೇಕಂತೆ. ಬೇಜಾರಾದವರು ಕಡಲೆಕಾಯಿ ಬಿಡಿಸಲಿ, ಇಲ್ಲಿ ರಾಶಿ ಬಿದ್ದಿದೆ, ಬೇಕಾದರೆ ನೀನೂ ಬಾ ಅಂದೆ. ಅವಳಿಗೆ ಸಿಗ್ನಲ್ ಹೋಯಿತು.

ಗುಂಡಿ ಮುಗಿದ ದಿನ ಇಣುಕಿ ನೋಡಿದೆ. ಆಳವೇ ಇಲ್ಲ. ಆಳಿನ ಕೈಗೆ ಅಳತೆ ಅಂತ ಕೊಟ್ಟದ್ದು ಅದೇ ಕೋಳಿ ಓಡಿಸುವ ದಂಟು. ಇವರದೋ ಮಂಚದ ಆಚೆಗೆ ಚಾಚುವ ಕಾಲು. ಈ ಗುಂಡಿಯಲ್ಲಿ ಕೂತರೆ ಮಂಡಿ ಗದ್ದಕ್ಕೆ ಬಡಿಯುತ್ತದೆ. ಆಯುಷ್ಯವೆಲ್ಲ ಗುಂಡಿಯಲ್ಲಿ ಕಾಲಿಟ್ಟ ಮನುಷ್ಯನಿಗೆ ತನ್ನ ಕಾಲಿನ ಅಳತೆಯೇ ಮರೆತುಹೋಯಿತೇ ಅಂತ ಭಯವಾಯಿತು. ಆಮೇಲೆ ಕೋಪ ಬಂತು. ಭಯಕ್ಕಿಂತ ನನಗೆ ಕೋಪವೇ ಅನುಕೂಲ.

ಮಾರನೆಯ ದಿನ ಅವರು ಮಗ್ಗ ತರಲು ಬೆಳಗಿನ ಬಸ್ಸಿಗೆ ಸೇಲಂಗೆ ಹೋದರು. ನಾನು ಗುಂಡಿಯ ಅಂಚಿನಲ್ಲಿ ಕೂತು ಯೋಚನೆ ಮಾಡಿದೆ. ಬೇಡ ಅಂದರೆ ಕೇಳುವ ಜಾತಿಯಲ್ಲ ಇದು, ಕೂತೇ ಕೂರುತ್ತಾರೆ. ಕೂರುವುದಾದರೆ ಕಾಲಾದರೂ ನೆಟ್ಟಗೆ ಇಳಿಯಲಿ, ಉಳಿದಿರುವ ಬೆನ್ನು ಉಳಿಯಲಿ. ನನಗೆ ಅವರು ಬೇಕು. ಹಾಸಿಗೆ ಹಿಡಿದವರ ಜೊತೆ ಜಗಳವಾಡುವುದು ಹೇಗೆ? ಸೆರಗು ಸಿಕ್ಕಿಸಿಕೊಂಡು, ಗುದ್ದಲಿ ಹಿಡಿದು ಗುಂಡಿಗೆ ಇಳಿದೆ.

ಅಗೆಯುತ್ತಿರುವಾಗ ಅತ್ತಿಗೆ ಬಂದು ಬಗ್ಗಿ ನೋಡಿದರು. "ಏನಮ್ಮ, ನಿಧಿ ಸಿಕ್ತಾ?"

"ನಿಮ್ ಕೋಳಿ ಬಿದ್ದೋಯ್ತು. ತೆಗೀತಾ ಇದೀನಿ" ಅಂದೆ.

ಅವರು ಓಡಿಹೋಗಿ ಕೋಳಿ ಎಣಿಸಿ ಬಂದು, ಎಲ್ಲಾ ಐತಲ್ಲ ಅಂತ ಬೈದರು.

ಒಂದು ಗೇಣು ಆಳ ಮಾಡಿದೆ. ತೆಗೆದ ಮಣ್ಣನ್ನು ಕರಿಬೇವಿನ ಬುಡಕ್ಕೆ ಹಾಕಿ, ತಳವನ್ನು ಸಗಣಿಯಲ್ಲಿ ಸಾರಿಸಿ, ಏನೂ ಆಗದವಳಂತೆ ಮತ್ತೆ ಕಡಲೆಕಾಯಿಯ ಮುಂದೆ ಕೂತೆ. ಸಂಜೆ ಮಳೆಯ ಜೊತೆಯಲ್ಲೇ ಟೆಂಪೋ ಬಂತು, ಮಗ್ಗ ಬಂತು, ಅದನ್ನು ಕೂರಿಸುವ ಕೆಲಸದವನೂ ಬಂದ. ಅವನು ಗುಂಡಿಗೆ ಇಳಿದು ತುಳಿಮಣೆ ಕೂರಿಸಿದ. ಬಗ್ಗಲಾಗದ ಇವರು ಕುರ್ಚಿಯಲ್ಲಿ ಕೂತು ಹಾಗೆ ಮಾಡು, ಹೀಗೆ ಮಾಡು ಅಂತ ಅಪ್ಪಣೆ ಕೊಟ್ಟರು. ಕೆಲಸದವನು ಕೊನೇ ಬಸ್ಸಿಗೆ ಹೊರಟುಹೋದ.

ಪೂಜೆಯ ದಿನ ಮಗ್ಗಕ್ಕೆ, ಲಾಳಿಗೆ, ರಾಟೆಗೆ ಅರಿಶಿನ ಕುಂಕುಮ ಇಟ್ಟೆವು. ಗುದ್ದಲಿಗೆ ನಾನು ಸ್ವಲ್ಪ ದೊಡ್ಡ ಕುಂಕುಮವನ್ನೇ ಇಟ್ಟೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಪೂಜೆಯ ದಿನ ಮಗ್ಗ ಮುಟ್ಟುವುದಿಲ್ಲ. ಮಾರನೆಯ ಬೆಳಗ್ಗೆ ಸ್ವಲ್ಪವಾದರೂ ನೇಯದೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ, ಕಾಫಿ ಕೂಡ. ಆ ಬೆಳಗ್ಗೆ ಸ್ನಾನ ಮಾಡಿ ಬಂದವಳು ಎಂದಿನಂತೆ ರಾಟೆಯ ಹತ್ತಿರ ಹೋದೆ. ಅದನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲೆ ಇಟ್ಟಿದ್ದರು, ಮುಂದೆ ಅವರ ಕುರ್ಚಿ. ತಲೆ ಕೆಟ್ಟಿದೆ ಅಂದುಕೊಂಡು ಆ ಕುರ್ಚಿಯಲ್ಲೇ ಕೂತೆ. ಇನ್ನೇನು ಅವರು ಗುಂಡಿಗೆ ಕಾಲಿಡುತ್ತಾರೆ, ಹಬ್ಬದ ದಿನ ಅಳಬಾರದು ಅಂತ ತುಟಿ ಕಚ್ಚಿಕೊಂಡಿದ್ದೆ.

"ಅಲ್ಲಿ ಯಾಕ್ ಕೂತೆ?" ಅಂದರು.

"ಇನ್ನೆಲ್ಲಿ ಕೂರ್ಲಿ?"

"ಇಲ್ಲಿ." ಮಗ್ಗ ತೋರಿಸಿದರು.

"ನಾನಾ?"

"ಇನ್ಯಾರು? ಡಾಕ್ಟರ್ ಏಳಿದ್ದು ಗ್ಯಾಪ್ಕ ಇಲ್ವಾ ನಿಂಗೆ?"

ಹೋಗಿ ಕೂತು ಕಾಲು ಇಳಿಬಿಟ್ಟೆ. ಕಾಲು ಗಾಳಿಯಲ್ಲಿ ನೇತಾಡಿತು. ತುಳಿಮಣೆ ಎಲ್ಲೋ ಕೆಳಗಿತ್ತು.

ಅವರ ಮುಖ ಸಪ್ಪಗಾಯಿತು. ಸೂರಿನ ಸಂದಿಯಿಂದ ಆ ಜೋಳದ ದಂಟು ಎಳೆದು ತಂದು ನನ್ನ ಕಾಲಿಗೆ ಹಿಡಿದರು. ಮಂಡಿಯಿಂದ ಅಂಗಾಲಿನವರೆಗೆ ಸರಿಯಾಗಿತ್ತು. ಆಮೇಲೆ ದಂಟನ್ನು ಗುಂಡಿಗೆ ಇಳಿಸಿದರು. ಒಂದು ಗೇಣು ಸಾಲಲಿಲ್ಲ.

"ಯಾರ್ ತೋಡಿದ್ದು ಇದ್ನ?"

"ನಾನೇ."

"ಯಾಕ್ ಲೇ?"

"ನಿಮ್ ಕಾಲು ಉದ್ದ ಅಂತ."

"ನಾ ಕೂರ್ತೀನಿ ಅಂತ ಯಾರ್ ಏಳಿದ್ರು?"

"ಯಾರೂ ಏಳಿಲ್ಲ. ನೀವೇನ್ ಏಳಿದ್ರಿ? ಸುಮ್ಕಿರು ಅಂದ್ರಿ."

"ನಿಂಗೆ ಅಂತ ಏಳಿದ್ರೆ ನೀನು ಬ್ಯಾಡ ಅಂತಿದ್ದೆ."

ಅಂತಿದ್ದೆ. ಮಂಡಿ ನೋವು, ಕಡಲೆಕಾಯಿ, ಹೆಂಚು ಅಂತ ನೂರು ನೆಪ ತೆಗೆಯುತ್ತಿದ್ದೆ. ಮಾವನವರು ನನ್ನನ್ನು ಎಬ್ಬಿಸಿದ ದಿನ ಇವರು ತಟ್ಟೆಯಿಂದ ತಲೆ ಎತ್ತಿರಲಿಲ್ಲ. ನೋಡಲಿಲ್ಲ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಕಣ್ಣಲ್ಲಿ ನೀರು ತುಂಬಿತು, ಸೆರಗಿನಲ್ಲಿ ಒರೆಸಿಕೊಂಡೆ.

"ಮಣ್ಣೆಲ್ಲಿ?" ಅಂದರು.

"ಕರಿಬೇವಿನ ಬುಡದಲ್ಲಿ."

ಕಾಫಿ ಇಲ್ಲ, ತಿಂಡಿ ಇಲ್ಲ. ಕರಿಬೇವಿನ ಬುಡದಿಂದ ಮಣ್ಣು ಬಗೆದು ತಂದು, ತುಳಿಮಣೆ ಕಿತ್ತು, ಗುಂಡಿಗೆ ಮಣ್ಣು ತುಂಬಿಸಿ, ತುಳಿದು, ಮಣೆ ಮತ್ತೆ ಕೂರಿಸುವಷ್ಟರಲ್ಲಿ ಬಿಸಿಲು ಅಂಗಳ ದಾಟಿತ್ತು. ಮಣ್ಣು ಹೊತ್ತವಳು ನಾನು, ತುಳಿದವಳೂ ನಾನು. ಅವರು ಕುರ್ಚಿಯಲ್ಲಿ ಕೂತು ದಂಟು ಹಿಡಿದು ಅಳತೆ ನೋಡಿದರು. ಅತ್ತಿಗೆ ಬಂದು, ಇವತ್ತು ಯಾರ ಕೋಳಿ ಅಂತ ಕೇಳಿ ಹೋದರು.

ಮತ್ತೆ ಕೂತೆ. ಈ ಸಲ ಅಂಗಾಲು ಮಣೆಗೆ ತಾಗಿತು. ಒತ್ತಿದೆ, ಎಳೆಗಳು ಬಾಯಿ ಬಿಟ್ಟವು, ಲಾಳಿ ಎಸೆದೆ. ಅವರು ನೇಯ್ದು ನಿಲ್ಲಿಸಿದ ಕಡೆಯಿಂದ ನನ್ನದು ಶುರುವಾಯಿತು. ಅಂಚು ಸೊಟ್ಟ ಬಂತು. ಬರಲಿ ಅಂತ ಬಿಟ್ಟೆ. ಅವರು ಸ್ಟೂಲಿನ ಮೇಲಿನ ರಾಟೆಯನ್ನು ತಿರುಗಿಸುತ್ತಾ ನೋಡುತ್ತಿದ್ದರು. ಅಷ್ಟರಲ್ಲಿ ಲಾಳಿಯ ನೂಲು ಮುಗಿಯಿತು.

"ಕಂಡಿಕೆ ಎಲ್ಲಿ? ಕೈ ಬೇಗ ಆಡ್ಲಿ!" ಅಂತ ಕೂಗಿದೆ.

ಆ ಮಾತನ್ನು ನಾನು ಜೀವಮಾನವೆಲ್ಲ ಕೇಳಿದ್ದೆ. ಆಡಿದ್ದು ಅವತ್ತೇ.

"ಬಂದೆ ಇರು, ಬಂದೆ" ಅಂತ ಬೆನ್ನು ಹಿಡಿದುಕೊಂಡು ಎದ್ದು ಬಂದರು. ಕಂಡಿಕೆ ಸಡಿಲವಾಗಿ ಸುತ್ತಿದ್ದರು. ಬಿಚ್ಚಿ ಸರಿಯಾಗಿ ಸುತ್ತಿ ಅಂತ ವಾಪಸ್ ಕೊಟ್ಟೆ.