ರೋಗ ಸಾಕುವ ಅಕ್ಕ

ಸಸ್ಯ ಪ್ರಯೋಗಾಲಯದ ರೋಗದಕ್ಕನಿಗೆ ಹನ್ನೊಂದು ವರ್ಷದ ರಜೆ ಬಾಕಿಯಿದೆ. ಗಿಡದೊಳಗೆ ರೋಗವನ್ನು ಗುರುತಿಸುವ ಕಾವಲು ಪ್ರೋಟೀನ್ ಕಟ್ಟುವವರು ವಿಜ್ಞಾನಿಗಳು. ಅದನ್ನು ಪರೀಕ್ಷಿಸಲು ಬೇಕಾದ ಬೂದಿರೋಗವನ್ನು ಸಾಕುವವಳು ಇವಳು. ಆ ಬೂಷ್ಟು ಜೀವಂತ ಎಲೆಯ ಮೇಲಷ್ಟೇ ಬಾಳುತ್ತದೆ. ಪ್ರತಿ ಸೋಮವಾರ ಬ್ರಷ್‌ನಿಂದ ಹೊಸ ಎಲೆಗೆ ದಾಟಿಸಬೇಕು. “ತಿನ್ನಪ್ಪ, ನನ್ನ ಮಕ್ಕಳಿಗೂ ಇಷ್ಟು ಉಪಚಾರ ಮಾಡಿಲ್ಲ” ಎಂದು ಗೊಣಗುತ್ತಲೇ ದಾಟಿಸುತ್ತಾಳೆ. ಗಿಡ ಸತ್ತರೆ ಅದು ಫಲಿತಾಂಶ, ರೋಗ ಸತ್ತರೆ ಅಕ್ಕನ ತಪ್ಪು. ಮೊನ್ನೆ ಕಾವಲು ಪ್ರೋಟೀನ್ ಅತಿಯಾದ ಗಿಡವೊಂದು ರೋಗವಿಲ್ಲದೆಯೇ ತನ್ನ ಎಲೆಗಳನ್ನು ತಾನೇ ಸುಟ್ಟುಕೊಂಡಿತು. ಅಕ್ಕ ಊದಿದ ಬೆರಳುಗಳನ್ನು ಅದರ ಪಕ್ಕ ಹಿಡಿದಳು. “ನಂದೂ ಇದೇ ಕಾಯಿಲೆಯಂತೆ ಸಾರ್, ನನ್ನ ಮೈಯೇ ನನ್ನ ಕೀಲು ತಿಂತಿದೆ. ಸೋಮವಾರ ಆಸ್ಪತ್ರೆಗೆ ಬರೋಕೆ ಹೇಳಿದಾರೆ.” “ಸೋಮವಾರನಾ? ರೋಗನ ಯಾರು ನೋಡ್ಕೋತಾರೆ?” ಎಂದರು ವಿಜ್ಞಾನಿ. ಇನ್ನು ತಡವಾದರೆ ಆ ಬೆರಳುಗಳು ನೆಟ್ಟಗಾಗುವುದಿಲ್ಲ. ಬ್ರಷ್ ಹಿಡಿಯುವುದನ್ನು ಒಂದು ಗಂಟೆಯಲ್ಲಿ ಕಲಿಯಬಹುದು. ಸೋಮವಾರ ಅಕ್ಕನ ಬದಲು ಬ್ರಷ್ ಹಿಡಿಯಲು, ಇದನ್ನು ಓದುತ್ತಿರುವ ನೀವು ಬನ್ನಿ.